ಬದಲಾಗದ ಒಂದು ತುಂಡು: ಟಿ ಕೋಶದ ರಿಸೆಪ್ಟರ್‌ನಲ್ಲಿ ಟ್ರ್ಯಾಕ್ ಜೀನ್ ಮಾಡುವ ಕೆಲಸ

ಟಿ ಕೋಶಗಳನ್ನು ಮಾರ್ಪಡಿಸಿ ಕೊಡುವ, ಕ್ಯಾನ್ಸರ್‌ನ ಕಾರ್-ಟಿ ಚಿಕಿತ್ಸೆಯ ಬಗ್ಗೆ ಓದುವವರಿಗೆ ಈಚೆಗೆ ಒಂದು ಹೆಸರು ಪದೇ ಪದೇ ಎದುರಾಗುತ್ತಿದೆ. ದಾನಿಯ ಟಿ ಕೋಶಗಳಲ್ಲಿ ‘ಟ್ರ್ಯಾಕ್’ ಎಂಬ ಜೀನನ್ನು ಕತ್ತರಿಸಿ, ಆ ಕೋಶಗಳನ್ನು ರೋಗಿಗೆ ಕೊಟ್ಟರು ಎಂದು ಸುದ್ದಿ ಹೇಳುತ್ತದೆ. ಪದೇ ಪದೇ ಸೋಂಕಿಗೆ ಸಿಕ್ಕಿ ನರಳುವ ಕೆಲವು ಮಕ್ಕಳ ಜೀನ್ ಪರೀಕ್ಷೆಯ ವರದಿಯಲ್ಲೂ ಇದೇ ಹೆಸರು ಬರುತ್ತದೆ. ಅಲ್ಲಿ ಈ ಜೀನ್ ಕೆಟ್ಟಿರುವುದೇ ಕಾಯಿಲೆ. ಇಲ್ಲಿ ಅದನ್ನು ಬೇಕಂತಲೇ ಕೆಡಿಸುವುದು ಚಿಕಿತ್ಸೆಯ ಭಾಗ. ಗೊಂದಲ ಆಗದೆ ಇರುತ್ತದೆಯೇ?

ಎರಡಕ್ಕೂ ಕಾರಣ ಒಂದೇ. ಅದು ತಿಳಿಯಬೇಕಾದರೆ ಟಿ ಕೋಶದಿಂದಲೇ ಶುರು ಮಾಡಬೇಕು.

## ಟಿ ಕೋಶ ಎಂದರೆ ಯಾವುದು?

ರಕ್ತದ ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬುದು ಒಂದು ಬಗೆ. ಅದರಲ್ಲಿ ಮತ್ತೆ ಬಿ ಕೋಶ, ಟಿ ಕೋಶ ಎಂದು ಎರಡು ದೊಡ್ಡ ಗುಂಪುಗಳಿವೆ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಟಿ ಕೋಶಗಳ ರೀತಿ ಬೇರೆ. ಅವು ಇನ್ನೊಂದು ಕೋಶದ ಹತ್ತಿರ ಹೋಗಿ, ಅದನ್ನು ಮುಟ್ಟಿ ನೋಡಿ, ಅದರೊಳಗೆ ಏನಾದರೂ ಎಡವಟ್ಟಾಗಿದೆಯೇ ಎಂದು ತಿಳಿದುಕೊಳ್ಳುತ್ತವೆ. ವೈರಸ್ ಹೊಕ್ಕ ಕೋಶವನ್ನು ಕೊಲ್ಲುವ ಟಿ ಕೋಶಗಳಿವೆ. ಉಳಿದ ಕೋಶಗಳಿಗೆ ಕೆಲಸ ಶುರು ಮಾಡಲು ಸೂಚನೆ ಕೊಡುವ ಟಿ ಕೋಶಗಳಿವೆ. ‘ಸಾಕು, ನಿಲ್ಲಿಸಿ’ ಎಂದು ತಡೆಯುವ ಟಿ ಕೋಶಗಳೂ ಇವೆ. ಈ ಮೂರನೆಯ ಗುಂಪಿನ ಮೇಲಿನ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ಬಂತು.

ಟಿ ಕೋಶಗಳ ಮೂಲ ಇರುವುದು ಅಸ್ಥಿಮಜ್ಜೆಯಲ್ಲಿ. ಬೆಳೆಯುವುದು ಮಾತ್ರ ಎದೆಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಬಹಳ ಕಾಲ ಈ ಗ್ರಂಥಿಗೆ ದೊಡ್ಡ ಕೆಲಸವೇನೂ ಇಲ್ಲ ಎಂದೇ ವೈದ್ಯರು ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗತಾನೇ ಹುಟ್ಟಿದ ಇಲಿಮರಿಗಳಿಂದ ಥೈಮಸ್ ತೆಗೆದರೆ ಅವುಗಳ ರೋಗನಿರೋಧಕ ಶಕ್ತಿಯೇ ಕುಸಿಯುತ್ತದೆ ಎಂದು ತೋರಿಸಿದರು. ಆಮೇಲೆ ಆ ಹಳೆಯ ನಂಬಿಕೆ ಹೋಯಿತು.

## ರಿಸೆಪ್ಟರ್: ಟಿ ಕೋಶ ಗುರುತು ಹಿಡಿಯುವ ಸಾಧನ

ಪ್ರತಿ ಟಿ ಕೋಶದ ಮೇಲ್ಮೈಯಲ್ಲಿ ಸಾವಿರಾರು ರಿಸೆಪ್ಟರ್‌ಗಳು ಇರುತ್ತವೆ. ಒಂದು ಕೋಶದಲ್ಲಿ ಇರುವವು ಹೆಚ್ಚುಕಡಿಮೆ ಒಂದೇ ಥರ. ಪಕ್ಕದ ಕೋಶದ್ದು ಬೇರೆ ಥರ. ರಿಸೆಪ್ಟರ್ ಎಂದರೆ ಹೊರಗಿನದನ್ನು ಹಿಡಿದು, ಆ ವಿಷಯವನ್ನು ಕೋಶದ ಒಳಗೆ ಮುಟ್ಟಿಸುವ ಪ್ರೊಟೀನ್.

ಟಿ ಕೋಶದ ರಿಸೆಪ್ಟರ್‌ಗೆ ಇಡೀ ವೈರಸ್ ಕಾಣುವುದಿಲ್ಲ. ನಮ್ಮ ಮೈಯ ಕೋಶಗಳು ತಮ್ಮೊಳಗಿನ ಪ್ರೊಟೀನ್‌ಗಳನ್ನು ಸಣ್ಣ ಸಣ್ಣ ಚೂರು ಮಾಡಿ, ಎಚ್‌ಎಲ್‌ಎ ಎಂಬ ಇನ್ನೊಂದು ಪ್ರೊಟೀನ್‌ನ ಮೇಲೆ ಇಟ್ಟು ಹೊರಗೆ ತೋರಿಸುತ್ತಲೇ ಇರುತ್ತವೆ. ಟಿ ಕೋಶ ಓದುವುದು ಈ ಜೋಡಿಯನ್ನು, ಅಂದರೆ ಎಚ್‌ಎಲ್‌ಎ ಮತ್ತು ಅದರ ಮೇಲಿನ ಚೂರು ಎರಡನ್ನೂ ಒಟ್ಟಿಗೆ. ಇದನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಸಿಕ್ಕಿತು. ಅಂಗಾಂಗ ಕಸಿಗೆ ಮುಂಚೆ ಎಚ್‌ಎಲ್‌ಎ ಹೊಂದಾಣಿಕೆ ನೋಡುವುದು ಇದೇ ಕಾರಣಕ್ಕೆ. ಬೇರೆಯವರ ಎಚ್‌ಎಲ್‌ಎ ಕಂಡರೆ ನಮ್ಮ ಟಿ ಕೋಶಗಳು ಕೆರಳುತ್ತವೆ.

ಹೆಚ್ಚಿನ ಟಿ ಕೋಶಗಳಲ್ಲಿ ಚೂರನ್ನು ಹಿಡಿಯುವುದು ಎರಡು ಸರಪಳಿಗಳು: ಆಲ್ಫಾ ಮತ್ತು ಬೀಟಾ. ರಕ್ತದಲ್ಲಿ ಓಡಾಡುವ ಟಿ ಕೋಶಗಳಲ್ಲಿ ಶೇಕಡಾ 90ಕ್ಕೂ ಜಾಸ್ತಿ ಈ ಆಲ್ಫಾ-ಬೀಟಾ ಬಗೆಯವು. ಉಳಿದ ಸಣ್ಣ ಪಾಲಿನಲ್ಲಿ ಗಾಮಾ ಮತ್ತು ಡೆಲ್ಟಾ ಎಂಬ ಬೇರೆ ಜೋಡಿ ಇರುತ್ತದೆ. ಈ ಗಾಮಾ-ಡೆಲ್ಟಾ ಕೋಶಗಳು ಮುಂದೆ ಕಥೆಯಲ್ಲಿ ಬರುತ್ತವೆ.

ಬೀಟಾ ಸರಪಳಿಯ ಜೀನ್ 1984ರಲ್ಲಿ ಸಿಕ್ಕಿತು. ಕೆನಡಾದಲ್ಲಿ ಟಾಕ್ ಮಾಕ್ ಮನುಷ್ಯರದ್ದನ್ನೂ ಅಮೆರಿಕದಲ್ಲಿ ಮಾರ್ಕ್ ಡೇವಿಸ್ ಇಲಿಯದ್ದನ್ನೂ ಪ್ರಕಟಿಸಿದರು. ಆಲ್ಫಾ ಕೂಡ ಅದೇ ವರ್ಷ ಸಿಕ್ಕಿತು. ಆದರೆ ಅದಕ್ಕೆ ಮುಂಚೆ ಒಂದು ತಮಾಷೆ ನಡೆಯಿತು. ಆಲ್ಫಾ ಹುಡುಕುತ್ತಿದ್ದವರ ಕೈಗೆ ಯಾರೂ ಕೇಳಿರದ ಮೂರನೆಯ ಸರಪಳಿ ಸಿಕ್ಕಿಬಿಟ್ಟಿತು. ಅದೇ ಗಾಮಾ.

## ಇಷ್ಟು ಕಡಿಮೆ ಜೀನ್, ಅಷ್ಟೊಂದು ರಿಸೆಪ್ಟರ್

ಮನುಷ್ಯನಲ್ಲಿ ಪ್ರೊಟೀನ್ ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ. ಆದರೆ ಎದುರಾಗಬಹುದಾದ ಕೀಟಾಣುಗಳಿಗೆ ಲೆಕ್ಕವೇ ಇಲ್ಲ. ಒಂದೊಂದಕ್ಕೂ ಒಂದೊಂದು ಜೀನ್ ಇಟ್ಟುಕೊಳ್ಳಲು ಆಗದು. ಹಾಗಾಗಿ ದೇಹ ರಿಸೆಪ್ಟರ್‌ನ ಜೀನನ್ನು ತುಂಡುಗಳಾಗಿ ಇಟ್ಟುಕೊಂಡು, ಪ್ರತಿ ಕೋಶದಲ್ಲೂ ಹೊಸದಾಗಿ ಜೋಡಿಸುತ್ತದೆ.

ಆಲ್ಫಾ ಸರಪಳಿಯ ತುಂಡುಗಳು ಇರುವುದು 14ನೇ ವರ್ಣತಂತುವಿನಲ್ಲಿ. ಅಲ್ಲಿ ಮೊದಲು ವಿ ತುಂಡುಗಳ ಸಾಲು ಇದೆ. ಅದರಲ್ಲಿ ಕೆಲಸಕ್ಕೆ ಬರುವವು ಸುಮಾರು 45. ಆಮೇಲೆ ಜೆ ತುಂಡುಗಳ ಸಾಲು, ಒಟ್ಟು 61. ಕೊನೆಯಲ್ಲಿ ಸಿ ತುಂಡು. ಅದು ಒಂದೇ ಒಂದು. ಈ ಸಿ ತುಂಡೇ ಟ್ರ್ಯಾಕ್. ‘ಟಿ ಸೆಲ್ ರಿಸೆಪ್ಟರ್ ಆಲ್ಫಾ ಕಾನ್‌ಸ್ಟಂಟ್’ ಎಂಬುದನ್ನು ಚಿಕ್ಕದು ಮಾಡಿದ ಹೆಸರು.

ತಲೆ ಬದಲಾಯಿಸಬಹುದಾದ ಸ್ಕ್ರೂಡ್ರೈವರ್ ನೋಡಿದ್ದೀರಲ್ವಾ? ಹಿಡಿ ಒಂದೇ, ಮೊನೆಗಳು ಹತ್ತಾರು. ವಿ ಮತ್ತು ಜೆ ಸೇರಿ ಮೊನೆ ಆಗುತ್ತದೆ. ಟ್ರ್ಯಾಕ್ ಹಿಡಿ. ನಿಮ್ಮ ಮೈಯಲ್ಲಿರುವ ಆಲ್ಫಾ-ಬೀಟಾ ಟಿ ಕೋಶ ಯಾವುದೇ ಆಗಲಿ, ಫ್ಲೂ ವೈರಸ್ ಗುರುತಿಸುವುದಾಗಲಿ, ಕ್ಷಯದ ಬ್ಯಾಕ್ಟೀರಿಯಾ ಗುರುತಿಸುವುದಾಗಲಿ, ಅದರ ಆಲ್ಫಾ ಸರಪಳಿಯ ಹಿಡಿ ಮಾತ್ರ ಇದೇ.

ಜೋಡಣೆ ನಡೆಯುವುದು ಥೈಮಸ್‌ನಲ್ಲಿ. ರ‍್ಯಾಗ್-1, ರ‍್ಯಾಗ್-2 ಎಂಬ ಎರಡು ಪ್ರೊಟೀನ್‌ಗಳು ಡಿಎನ್‌ಎಯನ್ನು ನಿಜವಾಗಿಯೂ ಕತ್ತರಿಸಿ, ಒಂದು ವಿ ತುಂಡನ್ನು ಒಂದು ಜೆ ತುಂಡಿಗೆ ಸೇರಿಸಲು ದಾರಿ ಮಾಡುತ್ತವೆ. ಸೇರುವ ಜಾಗದಲ್ಲಿ ಇನ್ನೊಂದು ಕಿಣ್ವ ಬಂದು ಸುಮ್ನೆ ಡಿಎನ್‌ಎಯ ನಾಲ್ಕಾರು ಅಕ್ಷರಗಳನ್ನು ತನಗೆ ತೋಚಿದಂತೆ ತುರುಕುತ್ತದೆ. ಹೀಗೆ ಯಾವ ಯೋಜನೆಯೂ ಇಲ್ಲದೆ ನಡೆಯುವ ಜೋಡಣೆಯಿಂದಲೇ ವೈವಿಧ್ಯ ಬರುತ್ತದೆ. ಬೀಟಾದಲ್ಲೂ ಹೀಗೇ ಆಗುತ್ತದೆ. ಎರಡನ್ನೂ ಗುಣಿಸಿದರೆ ಸಾಧ್ಯವಿರುವ ರಿಸೆಪ್ಟರ್‌ಗಳ ಸಂಖ್ಯೆ 1ರ ಮುಂದೆ 15 ಸೊನ್ನೆ ಹಾಕಿದ್ದಕ್ಕಿಂತಲೂ ಜಾಸ್ತಿ ಆಗಬಹುದು. ಒಬ್ಬರ ಮೈಯಲ್ಲಿ ಅಷ್ಟು ಟಿ ಕೋಶಗಳೇ ಇರುವುದಿಲ್ಲ. ಹಾಗಾಗಿ ನಿಜವಾಗಿ ಇರುವುದು ಅದರ ಒಂದು ಸಣ್ಣ ಪಾಲು ಮಾತ್ರ.

ಟ್ರ್ಯಾಕ್ ಈ ಕತ್ತರಿಸುವ ಆಟದಲ್ಲಿ ಸೇರುವುದೇ ಇಲ್ಲ. ವಿ-ಜೆ ಜೋಡಿಯಾದ ಮೇಲೆ ಇಡೀ ಜೀನ್‌ನ ಆರ್‌ಎನ್‌ಎ ನಕಲು ತಯಾರಾಗುತ್ತದೆ. ಆ ನಕಲಿನಲ್ಲಿ ನಡುವಿನ ಬೇಡದ ಭಾಗ ತೆಗೆದು ಹಾಕಿದಾಗ ವಿ-ಜೆ ಪಕ್ಕಕ್ಕೆ ಟ್ರ್ಯಾಕ್ ಬಂದು ಕೂರುತ್ತದೆ. ಬೇಡದ್ದನ್ನು ತೆಗೆದು ಬೇಕಾದ್ದನ್ನು ಸೇರಿಸುವ ಈ ಹಂತಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. ಈ ಮಾತು ನೆನಪಿಡಿ, ಕಾಯಿಲೆಯ ಭಾಗದಲ್ಲಿ ಬೇಕಾಗುತ್ತದೆ.

## ಕತ್ತರಿಸಿ ಬಿಸಾಡಿದ ಉಂಗುರ

ಇಲ್ಲಿ ಒಂದು ಸ್ವಾರಸ್ಯ ಇದೆ. ಡೆಲ್ಟಾ ಸರಪಳಿಯ ಜೀನ್ ಇರುವುದು ಬೇರೆಲ್ಲೋ ಅಲ್ಲ, ಆಲ್ಫಾ ಜೀನ್‌ನ ಹೊಟ್ಟೆಯೊಳಗೆ, ವಿ ಮತ್ತು ಜೆ ಸಾಲುಗಳ ನಡುವೆ. ಆಲ್ಫಾ ಜೋಡಿಸಬೇಕಾದರೆ ನಡುವಿನ ಡೆಲ್ಟಾ ಭಾಗ ಹೊರಗೆ ಬೀಳಲೇಬೇಕು. ಹೀಗೆ ಹೊರಗೆ ಬಿದ್ದ ಡಿಎನ್‌ಎಯ ಎರಡು ತುದಿಗಳು ಕೂಡಿಕೊಂಡು ಒಂದು ಪುಟ್ಟ ಉಂಗುರ ಆಗುತ್ತದೆ. ಅದರ ಹೆಸರು ಟ್ರೆಕ್ (ಟ್ರ್ಯಾಕ್ ಬೇರೆ, ಇದು ಬೇರೆ).

ಈ ಉಂಗುರದಿಂದ ಕೋಶಕ್ಕೆ ಪ್ರಯೋಜನವಿಲ್ಲ. ಕೋಶ ಎರಡಾಗಿ ಒಡೆದಾಗ ಉಂಗುರ ನಕಲಾಗುವುದಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಹೋಗುತ್ತದೆ ಅಷ್ಟೆ. ಹಾಗಾಗಿ ರಕ್ತದಲ್ಲಿ ಟ್ರೆಕ್ ಜಾಸ್ತಿ ಇದೆ ಎಂದರೆ ಥೈಮಸ್‌ನಿಂದ ಹೊಸ ಟಿ ಕೋಶಗಳು ಚೆನ್ನಾಗಿ ಹೊರಬರುತ್ತಿವೆ ಎಂದರ್ಥ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ಒಣಗಿಸಿದ ಕಾಗದ ಸಾಕು, ಟ್ರೆಕ್ ಎಣಿಸಬಹುದು. ಹುಟ್ಟಿನಿಂದಲೇ ಟಿ ಕೋಶ ಇಲ್ಲದ ತೀವ್ರ ಕಾಯಿಲೆಯಾದ ಸ್ಕಿಡ್ ಅನ್ನು ಸೋಂಕು ಬರುವ ಮುಂಚೆಯೇ ಪತ್ತೆ ಮಾಡಲು ಇದನ್ನೇ ಬಳಸುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ಶುರು ಮಾಡಿತು. 2018ರ ಕೊನೆಯ ಹೊತ್ತಿಗೆ ಅಲ್ಲಿನ 50 ರಾಜ್ಯಗಳಲ್ಲೂ ಬಂತು. ಕೋಶ ಬಿಸಾಡಿದ ಕಸವೇ ಮಕ್ಕಳ ಜೀವ ಉಳಿಸುವ ಪರೀಕ್ಷೆ ಆಯಿತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ ಸಂಗತಿ ಇಲ್ಲ.

## ಹಿಡಿಯ ನಿಜವಾದ ಕೆಲಸ

ಗುರುತು ಹಿಡಿಯುವ ಕೆಲಸವೆಲ್ಲ ಮೊನೆಯದ್ದಾದರೆ ಟ್ರ್ಯಾಕ್‌ಗೆ ಏನು ಕೆಲಸ?

ಮೊದಲನೆಯದು, ನಿಲ್ಲುವುದು. ಟ್ರ್ಯಾಕ್‌ನಿಂದ ಬರುವ ಪ್ರೊಟೀನ್ ಭಾಗ ಕೋಶದ ಹೊರಪೊರೆಯನ್ನು ದಾಟಿ ಒಳಗೆ ಇಳಿಯುತ್ತದೆ. ಅದು ಇಲ್ಲದಿದ್ದರೆ ಸರಪಳಿ ಪೊರೆಯಲ್ಲಿ ನೆಲೆ ನಿಲ್ಲುವುದೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಆಲ್ಫಾ ಮತ್ತು ಬೀಟಾದ ಒಳಬಾಲ ತೀರಾ ಗಿಡ್ಡ. ಹೊರಗೆ ವೈರಸ್ ಚೂರು ಸಿಕ್ಕಿತು ಎಂದು ಒಳಗೆ ಹೇಳಲು ಅವಕ್ಕೆ ಆಗದು. ಆ ಕೆಲಸಕ್ಕೆ ಸಿಡಿ3 ಎಂಬ ಗುಂಪಿನ ಪ್ರೊಟೀನ್‌ಗಳು ಬೇಕು. ಗಾಮಾ-ಎಪ್ಸಿಲಾನ್ ಒಂದು ಜೋಡಿ, ಡೆಲ್ಟಾ-ಎಪ್ಸಿಲಾನ್ ಇನ್ನೊಂದು ಜೋಡಿ, ಝೀಟಾ-ಝೀಟಾ ಮೂರನೆಯ ಜೋಡಿ. (ಸಿಡಿ3 ಗುಂಪಿನ ಗಾಮಾ, ಡೆಲ್ಟಾ ಬೇರೆ, ರಿಸೆಪ್ಟರ್‌ನ ಗಾಮಾ, ಡೆಲ್ಟಾ ಸರಪಳಿಗಳು ಬೇರೆ. ಹೆಸರಿಟ್ಟವರು ನಮ್ಮ ಬಗ್ಗೆ ಸ್ವಲ್ಪ ಕನಿಕರ ತೋರಿಸಬಹುದಿತ್ತು.) ಆಲ್ಫಾ, ಬೀಟಾ ಸೇರಿಸಿ ಒಟ್ಟು ಎಂಟು ಸರಪಳಿಗಳ ಗುಂಪು ಇದು.

ಇವು ಒಂದಕ್ಕೊಂದು ಅಂಟಿಕೊಳ್ಳುವುದು ವಿದ್ಯುತ್ ಆವೇಶದಿಂದ. ಪೊರೆಯೊಳಗೆ ಹಾದುಹೋಗುವ ಭಾಗದಲ್ಲಿ ಆಲ್ಫಾ ಸರಪಳಿಗೆ ಎರಡು ಧನ ಆವೇಶಗಳಿವೆ, ಬೀಟಾಕ್ಕೆ ಒಂದು. ಸಿಡಿ3 ಜೋಡಿಗಳಲ್ಲಿ ಋಣ ಆವೇಶಗಳಿವೆ. ಬೀಟಾ ಒಂದು ಜೋಡಿಯನ್ನು ಎಳೆದುಕೊಳ್ಳುತ್ತದೆ. ಆಲ್ಫಾ ಎರಡು ಜೋಡಿಗಳನ್ನು ಎಳೆದುಕೊಳ್ಳುತ್ತದೆ. ಆಲ್ಫಾದ ಆ ಎರಡು ಆವೇಶಗಳೂ ಇರುವುದು ಟ್ರ್ಯಾಕ್ ಭಾಗದಲ್ಲೇ. ಒಂದು ತುಂಡು ತಪ್ಪಿದರೂ ಇಡೀ ಗುಂಪು ಕೋಶದ ಮೇಲ್ಮೈಗೆ ಬರುವುದಿಲ್ಲ. ಅರೆಬರೆ ಜೋಡಣೆಯಾದವನ್ನು ಕೋಶ ಒಳಗೇ ತಡೆದು ಒಡೆದು ಹಾಕುತ್ತದೆ.

ಎಲ್ಲ ಸರಿಯಿದ್ದಾಗ ಏನಾಗುತ್ತದೆ? ಮೊನೆ ಚೂರನ್ನು ಹಿಡಿದ ಕೂಡಲೇ ಸಿಡಿ3ಯ ಒಳಬಾಲಗಳ ಮೇಲೆ ಎಲ್‌ಸಿಕೆ ಎಂಬ ಕಿಣ್ವ ಫಾಸ್ಫೇಟ್ ಅಂಟಿಸುತ್ತದೆ. ಅದನ್ನು ಕಂಡು ಝ್ಯಾಪ್-70 ಎಂಬ ಇನ್ನೊಂದು ಕಿಣ್ವ ಬಂದು ಕೂರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಹೊಸ ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಕೋಶ ಸಂಖ್ಯೆಯಲ್ಲಿ ಬೆಳೆಯಲು ತೊಡಗುತ್ತದೆ. ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಮಾತ್ರೆಗಳು ತಡೆಯುವುದು ಈ ಕ್ಯಾಲ್ಸಿಯಂ ಹಂತದ ನಂತರದ ಸೂಚನೆಯನ್ನೇ.

## ಥೈಮಸ್‌ನಲ್ಲಿ ಎರಡು ಪರೀಕ್ಷೆ

ಟಿ ಕೋಶ ಮೊದಲು ಜೋಡಿಸುವುದು ಬೀಟಾ. ಅದು ಸರಿಬಂತೇ ಎಂದು ನೋಡಲು ಆಲ್ಫಾದ ಜಾಗದಲ್ಲಿ ತಾತ್ಕಾಲಿಕವಾಗಿ ಬೇರೊಂದು ಸರಪಳಿ ನಿಲ್ಲುತ್ತದೆ. ಅದಾದ ಮೇಲೆ ನಿಜವಾದ ಆಲ್ಫಾ ಬರುತ್ತದೆ. ಮೊದಲ ಜೋಡಣೆ ಕೈಕೊಟ್ಟರೆ ಆಲ್ಫಾಕ್ಕೆ ಮತ್ತೆ ಮತ್ತೆ ಅವಕಾಶ ಇದೆ. ಅಷ್ಟೊಂದು ಜೆ ತುಂಡುಗಳು ಇರುವುದರ ಲಾಭ ಇದು.

ಪೂರ್ಣ ರಿಸೆಪ್ಟರ್ ಬಂದ ಮೇಲೆ ಪರೀಕ್ಷೆ. ನಮ್ಮದೇ ಎಚ್‌ಎಲ್‌ಎಯನ್ನು ಸ್ವಲ್ಪವೂ ಗುರುತಿಸದ ಕೋಶ ಸಾಯುತ್ತದೆ. ನಮ್ಮದೇ ಪ್ರೊಟೀನನ್ನು ಜೋರಾಗಿ ಹಿಡಿಯುವ ಕೋಶವೂ ಸಾಯುತ್ತದೆ, ಇಲ್ಲವೇ ತಡೆಯುವ ಗುಂಪಿಗೆ ಸೇರುತ್ತದೆ. ಥೈಮಸ್‌ನಲ್ಲಿ ಬೆಳೆಯುವ ಕೋಶಗಳಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತವೆ.

## ಒಂದೇ ಅಕ್ಷರ ತಪ್ಪಿದಾಗ

ಟ್ರ್ಯಾಕ್ ಕೆಟ್ಟರೆ ಮನುಷ್ಯರಲ್ಲಿ ಏನಾಗುತ್ತದೆ ಎಂಬುದು 2011ರಲ್ಲಿ ಸ್ಪಷ್ಟವಾಯಿತು. ಎರಡು ಬೇರೆ ಬೇರೆ ಕುಟುಂಬಗಳ ಇಬ್ಬರು ಮಕ್ಕಳಲ್ಲಿ ಪದೇ ಪದೇ ಸೋಂಕು, ಊದಿದ ದುಗ್ಧಗ್ರಂಥಿಗಳು, ದೊಡ್ಡದಾದ ಲಿವರ್ ಮತ್ತು ಗುಲ್ಮ ಇದ್ದವು. ಜೊತೆಗೆ ತೊನ್ನು, ಕೂದಲು ಉದುರುವಿಕೆಯಂಥ, ದೇಹ ತನ್ನ ಮೇಲೆಯೇ ತಿರುಗಿ ಬೀಳುವ ತೊಂದರೆಗಳು. ರಕ್ತದಲ್ಲಿ ಸಾಮಾನ್ಯ ಆಲ್ಫಾ-ಬೀಟಾ ಕೋಶಗಳೇ ಇರಲಿಲ್ಲ. ಇದ್ದ ಟಿ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಗಾಮಾ-ಡೆಲ್ಟಾ.

ಇಬ್ಬರಲ್ಲೂ ಟ್ರ್ಯಾಕ್ ಜೀನ್‌ನ ಒಂದೇ ಅಕ್ಷರ ಬದಲಾಗಿತ್ತು, ಜಿ ಇರಬೇಕಾದಲ್ಲಿ ಎ. ವಿಚಿತ್ರ ಏನೆಂದರೆ ಆ ಅಕ್ಷರ ಪ್ರೊಟೀನ್ ಬರೆಯುವ ಭಾಗದಲ್ಲಿ ಇರಲೇ ಇಲ್ಲ. ‘ಪ್ರೊಟೀನ್ ಇಲ್ಲಿಗೆ ಮುಗಿಯಿತು’ ಎಂದು ಹೇಳುವ ಗುರುತಿನ ತಕ್ಷಣದ ಮುಂದಿನ ಅಕ್ಷರ ಅದು. ಅಲ್ಲಿ ತಪ್ಪಾದರೆ ಏನೂ ಆಗಬಾರದು ಅನ್ನಿಸುತ್ತದೆ. ಆದರೆ ಅದು ಸ್ಪ್ಲೈಸಿಂಗ್ ನಡೆಯುವ ಗಡಿಯೂ ಆಗಿತ್ತು. ಗಡಿ ಅಳಿಸಿದ್ದರಿಂದ ಜೀನ್‌ನ ಮೂರನೆಯ ಭಾಗ ಪೂರ್ತಿ ಬಿಟ್ಟುಹೋಯಿತು. ಪೊರೆ ದಾಟುವ ಭಾಗ, ಆ ಎರಡು ಆವೇಶಗಳ ಸಮೇತ, ಬರೆದಿರುವುದು ಅಲ್ಲೇ. ಮೊನೆಗಳು ಸರಿಯಾಗಿಯೇ ತಯಾರಾಗುತ್ತಿದ್ದವು. ಹಿಡಿ ಮುರಿದಿತ್ತು.

ಸೋಂಕು ಬರುವುದು ಅರ್ಥವಾಗುತ್ತದೆ. ಆದರೆ ರೋಗನಿರೋಧಕ ಶಕ್ತಿ ಕಡಿಮೆ ಇರುವವರಲ್ಲೇ ಅದು ತನ್ನ ಮೈಮೇಲೆ ಬೀಳುವುದು ಏಕೆ? ತಡೆಯುವ ಟಿ ಕೋಶಗಳೂ ಆಲ್ಫಾ-ಬೀಟಾ ಬಗೆಯವೇ. ಹಿಡಿ ಮುರಿದರೆ ಅವೂ ಇರುವುದಿಲ್ಲ.

ಈ ಕಾಯಿಲೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಒಂದು ಪ್ರತಿ ಸರಿ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆಗಳಲ್ಲಿ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ.

ಪತ್ತೆ ಹಚ್ಚುವುದರಲ್ಲಿ ಒಂದು ಎಡವಟ್ಟು ಇದೆ. ಲಿಂಫೋಸೈಟ್‌ಗಳ ಬರಿಯ ಎಣಿಕೆ ನೋಡಿದರೆ ಗಾಮಾ-ಡೆಲ್ಟಾ ಕೋಶಗಳು ಜಾಗ ತುಂಬಿರುವುದರಿಂದ ಕೊರತೆ ಕಣ್ಣಿಗೆ ಬೀಳದೆ ಹೋಗಬಹುದು. ಫ್ಲೋ ಸೈಟೊಮೆಟ್ರಿ ಎಂಬ ವಿಧಾನದಲ್ಲಿ ಆಲ್ಫಾ-ಬೀಟಾ, ಗಾಮಾ-ಡೆಲ್ಟಾ ಎರಡನ್ನೂ ಬೇರೆ ಬೇರೆ ಎಣಿಸಿದಾಗ ಸತ್ಯ ಹೊರಬರುತ್ತದೆ. ಆಮೇಲೆ ಜೀನ್ ಪರೀಕ್ಷೆ. ಟಿ ಕೋಶದ ತೀವ್ರ ದೋಷದ ಅನುಮಾನ ಇರುವ ಮಗುವಿಗೆ, ಅದು ಬಗೆಹರಿಯುವವರೆಗೆ, ಜೀವಂತ ಕೀಟಾಣು ಇರುವ ಲಸಿಕೆಗಳನ್ನು ವೈದ್ಯರು ಕೊಡುವುದಿಲ್ಲ. ಶಾಶ್ವತ ಪರಿಹಾರ ಹೊಂದುವ ದಾನಿಯ ಅಸ್ಥಿಮಜ್ಜೆ ಕಸಿ.

## ಹಾಗಾದರೆ ಕ್ಯಾನ್ಸರ್ ವೈದ್ಯರು ಇದನ್ನೇ ಕತ್ತರಿಸುವುದು ಏಕೆ?

ಕಾರ್-ಟಿ ಚಿಕಿತ್ಸೆಯಲ್ಲಿ ಟಿ ಕೋಶಕ್ಕೆ ಕ್ಯಾನ್ಸರ್ ಕೋಶವನ್ನು ಗುರುತಿಸುವ ಕೃತಕ ರಿಸೆಪ್ಟರ್ ಹಾಕುತ್ತಾರೆ. ಈ ಕೃತಕ ರಿಸೆಪ್ಟರ್‌ಗೆ ಎಚ್‌ಎಲ್‌ಎಯೂ ಬೇಡ, ಆಲ್ಫಾ-ಬೀಟಾವೂ ಬೇಡ. ಸಾಮಾನ್ಯವಾಗಿ ರೋಗಿಯದೇ ಕೋಶಗಳನ್ನು ತೆಗೆದು ಮಾರ್ಪಡಿಸುತ್ತಾರೆ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಕೆಲವು ರೋಗಿಗಳಲ್ಲಿ, ಮುಖ್ಯವಾಗಿ ಹಸುಗೂಸುಗಳಲ್ಲಿ, ತೆಗೆಯಲು ಸಾಕಷ್ಟು ಒಳ್ಳೆಯ ಕೋಶಗಳೇ ಇರುವುದಿಲ್ಲ.

ಆರೋಗ್ಯವಂತ ದಾನಿಯ ಕೋಶ ಬಳಸಬಹುದಲ್ಲ? ಬಳಸಿದರೆ ಆ ಕೋಶಗಳ ಹಳೆಯ ರಿಸೆಪ್ಟರ್‌ಗೆ ರೋಗಿಯ ಎಚ್‌ಎಲ್‌ಎ ಅಪರಿಚಿತ. ಚರ್ಮ, ಕರುಳು, ಲಿವರ್ ಮೇಲೆ ಅವು ದಾಳಿ ಮಾಡುತ್ತವೆ. ಆ ದಾಳಿ ಪ್ರಾಣಕ್ಕೇ ಕುತ್ತಾಗಬಹುದು. ಹಳೆಯ ರಿಸೆಪ್ಟರ್ ತೆಗೆಯಬೇಕು. ಆದರೆ ದಾನಿಯ ಕೋಟಿಗಟ್ಟಲೆ ಕೋಶಗಳಲ್ಲಿ ಮೊನೆಗಳು ಬೇರೆ ಬೇರೆ, ಒಂದೊಂದನ್ನೂ ಹುಡುಕಿ ಕತ್ತರಿಸುವುದು ಆಗದ ಮಾತು. ಹಿಡಿ ಮಾತ್ರ ಎಲ್ಲದರಲ್ಲೂ ಒಂದೇ. ಅದನ್ನು ಕತ್ತರಿಸಿದರೆ ಯಾವ ಮೊನೆಯಾದರೂ ಸರಿ, ರಿಸೆಪ್ಟರ್ ಮೇಲ್ಮೈಗೆ ಬರುವುದಿಲ್ಲ. ಬೀಟಾದಲ್ಲಿ ಸಿ ತುಂಡುಗಳು ಎರಡು. ಆಲ್ಫಾದಲ್ಲಿ ಒಂದೇ. ಅದಕ್ಕೇ ಟ್ರ್ಯಾಕ್ ಅಷ್ಟು ಅನುಕೂಲ.

2015ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಮರುಕಳಿಸಿದ್ದ 11 ತಿಂಗಳ ಮಗುವಿಗೆ ಇಂಥ ದಾನಿ ಕೋಶಗಳನ್ನು ಕೊಟ್ಟರು. ಟ್ಯಾಲೆನ್ ಎಂಬ ಡಿಎನ್‌ಎ ಕತ್ತರಿಯಿಂದ ಟ್ರ್ಯಾಕ್ ಕತ್ತರಿಸಿದ್ದರು. ಕತ್ತರಿಗೆ ತಪ್ಪಿಸಿಕೊಂಡ ಕೋಶಗಳಲ್ಲಿ ರಿಸೆಪ್ಟರ್ ಇನ್ನೂ ಹೊರಗೆ ಕಾಣುತ್ತದೆ. ಅದನ್ನೇ ಗುರುತಾಗಿ ಹಿಡಿದು ಆ ಕೋಶಗಳನ್ನು ಬೇರ್ಪಡಿಸಿ ತೆಗೆದರು. ಕ್ಯಾನ್ಸರ್ ಹಿಮ್ಮೆಟ್ಟಿತು, ಆಮೇಲೆ ಮಗುವಿಗೆ ಅಸ್ಥಿಮಜ್ಜೆ ಕಸಿ ಮಾಡಿದರು.

2017ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ಮಿಷೆಲ್ ಸಾಡೆಲೇನ್ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಕ್ರಿಸ್ಪರ್ ಎಂಬ ಇನ್ನೊಂದು ಡಿಎನ್‌ಎ ಕತ್ತರಿ ಬಳಸಿ ಟ್ರ್ಯಾಕ್ ಕತ್ತರಿಸಿ, ಕೃತಕ ರಿಸೆಪ್ಟರ್‌ನ ಜೀನನ್ನು ಅದೇ ಜಾಗದಲ್ಲಿ ಕೂರಿಸಿತು. ಆಗ ಹಳೆಯ ರಿಸೆಪ್ಟರ್ ಎಷ್ಟು, ಯಾವಾಗ ಬೇಕೆಂದು ನಿರ್ಧರಿಸುತ್ತಿದ್ದ ಸ್ವಿಚ್ಚೇ ಹೊಸದನ್ನೂ ನಡೆಸತೊಡಗಿತು. ಎಲ್ಲೆಂದರಲ್ಲಿ ಜೀನ್ ಸೇರಿಸಿದ ಕೋಶಗಳಷ್ಟು ಬೇಗ ಇವು ದಣಿಯಲಿಲ್ಲ. ಇಲಿಗಳಲ್ಲಿ ಗಡ್ಡೆಯನ್ನು ಚೆನ್ನಾಗಿ ಹತೋಟಿಗೆ ತಂದವು.

ಅಪಾಯ ಇಲ್ಲ ಎಂದಲ್ಲ. ಟ್ರ್ಯಾಕ್ ಜೊತೆಗೆ ಇನ್ನೂ ಒಂದೆರಡು ಜೀನ್‌ಗಳನ್ನು ಒಂದೇ ಸಲ ಕತ್ತರಿಸಿದಾಗ, 14ನೇ ವರ್ಣತಂತುವಿನ ಕತ್ತರಿಸಿದ ತುದಿ ತಪ್ಪಿ ಬೇರೆ ವರ್ಣತಂತುವಿಗೆ ಅಂಟಿಕೊಳ್ಳಬಹುದು. 2020ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಮೂವರು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಕ್ರಿಸ್ಪರ್ ಕೋಶಗಳಲ್ಲೂ ಇಂಥ ಅದಲುಬದಲು ಕಂಡಿತ್ತು, ಆದರೆ ದಿನ ಕಳೆದಂತೆ ಕಡಿಮೆಯಾಯಿತು. ಹಾಗಾಗಿ ಈಗ ಡಿಎನ್‌ಎಯ ಎರಡೂ ಎಳೆ ತುಂಡರಿಸದೆ, ಒಂದೇ ಅಕ್ಷರ ತಿದ್ದಿ ಜೀನನ್ನು ನಿಲ್ಲಿಸುವ ಬೇಸ್ ಎಡಿಟಿಂಗ್ ಕಡೆಗೆ ಗಮನ ತಿರುಗಿದೆ. 2022ರಲ್ಲಿ ಲಂಡನ್ನಿನ ಅದೇ ಆಸ್ಪತ್ರೆ ಟಿ ಕೋಶದ ಲ್ಯುಕೇಮಿಯಾ ಇದ್ದ 13 ವರ್ಷದ ಬಾಲಕಿಗೆ ಈ ರೀತಿ ತಿದ್ದಿದ ದಾನಿ ಕೋಶಗಳನ್ನು ಕೊಟ್ಟಿತು. ಅಲ್ಲಿ ತಿದ್ದಿದ್ದು ಆಲ್ಫಾದ ಹಿಡಿಯನ್ನಲ್ಲ, ಬೀಟಾದ್ದನ್ನು. ಬೀಟಾದ ಎರಡೂ ಸಿ ತುಂಡುಗಳಲ್ಲಿ ಅಕ್ಷರಗಳು ಒಂದೇ ಥರ ಇರುವ ಜಾಗವೊಂದನ್ನು ಆರಿಸಿಕೊಂಡಿದ್ದರಿಂದ ತಿದ್ದಬೇಕಾದ ಜಾಗಕ್ಕೆ ದಾರಿ ತೋರಿಸುವ ಒಂದೇ ಮಾರ್ಗದರ್ಶಿ ಆರ್‌ಎನ್‌ಎ ಎರಡಕ್ಕೂ ಸಾಕಾಯಿತು.